ನಂಬರ್ ಪ್ಲೇಟಿನ ಮೇಲಿನ ಕುಂಕುಮ

ಡಮ್ ಡಮ್‌ನಲ್ಲಿ ಜೆಸ್ಸೋರ್ ರೋಡಿನ ಆಚೆ ಇರುವ ಆ ದೊಡ್ಡ ವಸತಿ ಸಮುಚ್ಚಯದ ಗೇಟಿಗೆ ಒಂದು ಕ್ಯಾಮೆರಾ ಕೂರಿಸಿದ್ದಾರೆ. ಬಂದ ಗಾಡಿಯ ನಂಬರ್ ಪ್ಲೇಟನ್ನು ಅದು ಓದುತ್ತದೆ; ಪರಿಚಯದ ನಂಬರಾದರೆ ಅಡ್ಡಕೋಲು ತಾನಾಗಿಯೇ ಮೇಲೇಳುತ್ತದೆ. ಹಾಲಿನವನ ಗಾಡಿಗೆ ಏಳುತ್ತದೆ, ಕಸದ ಗಾಡಿಗೆ ಏಳುತ್ತದೆ, ಇಸ್ತ್ರಿಯವನ ಲಟಾರಿ ಸ್ಕೂಟರಿಗೂ ಏಳುತ್ತದೆ. ನರಹರಿಯ ಊಟದ ವ್ಯಾನು ಬಂದರೆ ಮಾತ್ರ ಕದಲುತ್ತಿರಲಿಲ್ಲ. ಆಗ ಕಾವಲುಗಾರ ನಿತಾಯಿ ಚಹಾದ ಮಣ್ಣಿನ ಕುಡಿಕೆಯನ್ನು ಕಿಟಕಿಯ ಮೇಲಿಟ್ಟು ಹೊರಗೆ ಬಂದು, ವ್ಯಾನಿನ ಮೂತಿಯನ್ನೊಮ್ಮೆ ಬಗ್ಗಿ ನೋಡಿ, "ಬೌದಿಯ ಸಿಂಧೂರ ಇನ್ನೂ ಇದೆಯಲ್ಲ ದಾದಾ!" ಎನ್ನುತ್ತಿದ್ದ. ಬಂಗಾಳಿಯಲ್ಲಿ ಬೌದಿ ಎಂದರೆ ಅತ್ತಿಗೆ.

ನರಹರಿಗೆ ಇಡೀ ದಿನದಲ್ಲಿ ಇದಕ್ಕಿಂತ ಇಷ್ಟವಾದ ಮಾತು ಇನ್ನೊಂದಿರಲಿಲ್ಲ. "ಹೇಗೆ ಹೋಗುತ್ತದೆ? ಹರಳೆಣ್ಣೆಯಲ್ಲಿ ಕಲಸಿ ಹಚ್ಚಿದ್ದು. ಅವಳ ಕೈಯ ಕೆಲಸವೇ ಹಾಗೆ, ಒಮ್ಮೆ ಮಾಡಿದರೆ ಮಾಡಿದ್ದೇ" ಎಂದು ಅವನು ತನ್ನ ಉಡುಪಿ ರಾಗದ ಬಂಗಾಳಿಯಲ್ಲಿ ಶುರುಮಾಡುತ್ತಿದ್ದ. ಅವಳು ಬೆರಳಲ್ಲಿ ಅಳೆದು ಹಾಕಿದ ಉಪ್ಪು ಹೇಗೆ ಯಾವತ್ತೂ ತಪ್ಪುತ್ತಿರಲಿಲ್ಲ, ನಿತಾಯಿಯ ಮಗಳಿಗೆ ಜ್ವರ ಬಂದಾಗ ಹೇಗೆ ಗಂಜಿ ಕಳಿಸಿದ್ದಳು, ಎಲ್ಲ ಬರುತ್ತಿತ್ತು. ಹಿಂದೆ ನಿಂತ ಕಾರಿನವನು ಹಾರ್ನ್ ಹೊಡೆದ ಮೇಲೆ ನಿತಾಯಿ ಗುಂಡಿ ಒತ್ತುತ್ತಿದ್ದ, ವ್ಯಾನು ಒಳಗೆ ಹೋಗುತ್ತಿತ್ತು. ಹೀಗೆ ವಾರದಲ್ಲಿ ಆರು ದಿನ, ಮಧ್ಯಾಹ್ನದ ಊಟ ತಲುಪಿಸುವ ಹೊತ್ತಿಗೆ, ನರಹರಿ ಸತ್ತ ಹೆಂಡತಿಯ ಬಗ್ಗೆ ಎರಡು ಮಾತು ಆಡುತ್ತಿದ್ದ. ಬೇರೆಲ್ಲೂ ಅವನು ಅವಳ ಸುದ್ದಿ ಎತ್ತುತ್ತಿರಲಿಲ್ಲ.

ಉಡುಪಿ ಕಡೆಯ ಅಡುಗೆಯವರ ಮನೆಯಲ್ಲಿ ಆಯುಧಪೂಜೆ ಎಂದರೆ ಸಣ್ಣ ಗಲಾಟೆಯಲ್ಲ. ಕೊಡಲಿ, ಕತ್ತಿ ನಮ್ಮಲ್ಲಿಲ್ಲವಲ್ಲ ಎಂದು ಸುಮ್ಮನಿರುವ ಜನ ಅವರಲ್ಲ. ಗ್ರೈಂಡರಿಗೆ ಪೂಜೆ, ಈಳಿಗೆಮಣೆಗೆ ಪೂಜೆ, ಇಡ್ಲಿ ಪಾತ್ರೆಗೆ ಪೂಜೆ, ಕೊನೆಗೆ ವ್ಯಾನಿಗೆ. ಕೋಲ್ಕತ್ತದವರು ಭಾದ್ರಪದದ ವಿಶ್ವಕರ್ಮ ಪೂಜೆಗೇ ಗಾಡಿ ತೊಳೆದು ಹೂ ಹಾಕಿ ಮುಗಿಸಿರುತ್ತಾರೆ; ನರಹರಿಯ ಮನೆಯಲ್ಲಿ ಮಹಾನವಮಿಗೇ ಆಗಬೇಕು. ಹೋದ ವರ್ಷವೂ ಆಯಿತು. ವ್ಯಾನಿನದು ಬಾಡಿಗೆ ಗಾಡಿಗಳ ಹಳದಿ ಪ್ಲೇಟು. "ಹಳದಿಯ ಮೇಲೆ ಅರಿಶಿನ ಹಚ್ಚಿದ್ರೆ ದೇವರಿಗೂ ಕಾಣುದಿಲ್ಲ" ಎಂದು ಅವನ ಹೆಂಡತಿ ವನಮಾಲಾ ಕುಂಕುಮವನ್ನೇ ಧಾರಾಳವಾಗಿ ಹರಳೆಣ್ಣೆಯಲ್ಲಿ ಕಲಸಿ, ಮುಂದಿನ ಪ್ಲೇಟಿನ ನಟ್ಟನಡುವೆ ರುಪಾಯಿಗಿಂತ ದೊಡ್ಡದಾಗಿ ಇಟ್ಟಿದ್ದಳು. ನಡುವಿನ ಎರಡು ಅಂಕಿ ಅದರಡಿಯಲ್ಲಿ ಮುಚ್ಚಿಹೋಗಿದ್ದವು. ಹಿಂದಿನ ಪ್ಲೇಟಿಗೂ ಇಟ್ಟಿದ್ದಳು, ಆದರೆ ಅದು ಪಾತ್ರೆ ಏರಿಸಿ ಇಳಿಸುವ ಉಜ್ಜಾಟದಲ್ಲಿ ದೀಪಾವಳಿಯ ಹೊತ್ತಿಗೇ ಹೋಗಿತ್ತು.

ಪೂಜೆಯಲ್ಲಿ ಹಚ್ಚಿದ ಕುಂಕುಮವನ್ನು ಕೈಯಾರೆ ಒರೆಸಬಾರದು, ಅದು ತಾನಾಗಿ ಹೋಗಬೇಕು. ಇದು ಆ ಮನೆಯ ಪದ್ಧತಿ. ಸಾಮಾನ್ಯವಾಗಿ ಹೋಗಿಬಿಡುತ್ತದೆ ಕೂಡ. ಯಾರೂ ಅದರ ಬಗ್ಗೆ ತಲೆ ಕೆಡಿಸಿಕೊಂಡವರಿಲ್ಲ. ಈ ಸಲ ಅದು ಹೋಗುವ ಮೊದಲು ವನಮಾಲಾ ಹೋದಳು. ಮಾಘದಲ್ಲಿ, ಬಂಗಾಳಿಗಳ ಸರಸ್ವತಿ ಪೂಜೆ ಮುಗಿದ ವಾರ, ಒಂದು ಬೆಳಿಗ್ಗೆ ದೋಸೆ ಹಿಟ್ಟಿಗೆ ಉಪ್ಪು ಹಾಕುತ್ತ ಎದೆ ಹಿಡಿದುಕೊಂಡಳು. ಆಸ್ಪತ್ರೆ ಮುಟ್ಟುವಷ್ಟರಲ್ಲಿ ಮುಗಿದಿತ್ತು.

ಅವಳ ಸೀರೆಗಳನ್ನು ಪದ್ಧತಿಯಂತೆ ಕೊಟ್ಟಾಯಿತು. ಬಳೆ, ಸರ ಮಗಳು ಮಾನ್ಯಳ ಪಾಲಿಗೆ ಹೋಯಿತು. ಅಡುಗೆಮನೆಯನ್ನು ನರಹರಿಯ ಅಕ್ಕ ರಾಜಲಕ್ಷ್ಮಿ, ಮನೆಯವರ ರಾಜಕ್ಕ, ಸೆರಗು ಸಿಕ್ಕಿಸಿ ವಹಿಸಿಕೊಂಡಳು. ಒಂದು ತಿಂಗಳಲ್ಲಿ ಆ ಮನೆಯಲ್ಲಿ ವನಮಾಲಾಳ ಕೈ ಮುಟ್ಟಿದ್ದು ಮುಟ್ಟಿದ ಹಾಗೇ ಇರುವ ಜಾಗ ಎಂದರೆ ವ್ಯಾನಿನ ಮುಂದಿನ ನಂಬರ್ ಪ್ಲೇಟು ಒಂದೇ ಉಳಿಯಿತು. ನರಹರಿ ದಿನಾ ಬೆಳಿಗ್ಗೆ ಗಾಡಿ ಹತ್ತುವ ಮೊದಲು ಅದರ ಮುಂದೆ ಕೈಮುಗಿದು ನಿಲ್ಲತೊಡಗಿದ. ಮುಟ್ಟುತ್ತಿರಲಿಲ್ಲ. ಮುಟ್ಟಿದರೆ ಅಷ್ಟು ಕಮ್ಮಿಯಾದೀತು ಎಂಬ ಹೆದರಿಕೆ.

ರಾಜಕ್ಕನ ಬಗ್ಗೆ ಇಲ್ಲಿ ಒಂದು ಮಾತು ಹೇಳಬೇಕು. ಅವಳ ಗಂಡ ಕುಂದಾಪುರದಲ್ಲಿ ಬಸ್ ಏಜೆಂಟನಾಗಿದ್ದವನು. ಅವನು ತೀರಿಕೊಂಡಾಗ ಅವಳಿಗೆ ಮೂವತ್ತೂ ಆಗಿರಲಿಲ್ಲ. ಮಕ್ಕಳಿರಲಿಲ್ಲ. ತಮ್ಮ ಕೋಲ್ಕತ್ತದಲ್ಲಿ ಊಟದ ವ್ಯಾಪಾರ ಶುರುಮಾಡಿದಾಗ ಹೌರಾದಲ್ಲಿ ಬಂದಿಳಿದವಳು ಮತ್ತೆ ಊರಿಗೆ ಹೋಗಿ ನೆಲೆಸಲಿಲ್ಲ. ಗಂಡ ಹೋದಂದಿನಿಂದ ಅವಳು ಕುಂಕುಮ ಮುಟ್ಟಿದವಳಲ್ಲ. ಹಣೆಗೆ ಇಡುವುದಂತೂ ಹೋಗಲಿ, ದೇವರ ಮನೆಯ ಕುಂಕುಮದ ಕರಡಿಗೆಯನ್ನು ಕೂಡ ಇನ್ನೊಬ್ಬರ ಕೈಯಲ್ಲಿ ತೆಗೆಸುತ್ತಿದ್ದಳು. ಮುಟ್ಟಬೇಡ ಎಂದು ಯಾರೂ ಹೇಳಿರಲಿಲ್ಲ, ಈ ಕಾಲದಲ್ಲಿ ಹೇಳುವವರಾದರೂ ಯಾರು? ಅವಳೇ ಹಾಕಿಕೊಂಡ ಕಟ್ಟು. ವನಮಾಲಾ ಒಂದು ದೀಪಾವಳಿಯ ದಿನ "ಇದೆಲ್ಲ ಎಂತ ಅತ್ತಿಗೆ" ಎಂದು ಬೆರಳ ತುದಿಯಲ್ಲಿ ಕುಂಕುಮ ಹಿಡಿದು ಅವಳ ಹಣೆಯ ಹತ್ತಿರ ಹೋಗಿದ್ದಳು. ರಾಜಕ್ಕ ಕೈ ತಳ್ಳಿ ಎದ್ದುಹೋಗಿ ಆ ದಿನ ಊಟ ಮಾಡಿರಲಿಲ್ಲ. ಆಯುಧಪೂಜೆಯ ಮಂಗಳಾರತಿಗೂ ಅವಳು ಅಡುಗೆಮನೆಯ ಬಾಗಿಲಲ್ಲೇ ನಿಲ್ಲುವುದು.

ಟ್ರಾಫಿಕ್ ಸಾರ್ಜೆಂಟ್ ಒಬ್ಬ ಮೊದಲ ಸಲ ಕೈ ಅಡ್ಡ ಹಿಡಿದದ್ದು ಫಾಲ್ಗುಣದಲ್ಲಿ, ಶ್ಯಾಮ್‌ಬಜಾರಿನ ಐದು ದಾರಿ ಕೂಡುವಲ್ಲಿ. ನರಹರಿ ಸಿಯಾಲ್ದಾ ಮಾರ್ಕೆಟ್ಟಿನಿಂದ ತರಕಾರಿ ತುಂಬಿಕೊಂಡು ಬರುತ್ತಿದ್ದ. ಬಿಳಿ ಸಮವಸ್ತ್ರದ ಎಳೆಯ ವಯಸ್ಸಿನ ಸಾರ್ಜೆಂಟ್ ಗಾಡಿಯನ್ನು ಬದಿಗೆ ನಿಲ್ಲಿಸಿ ಪ್ಲೇಟಿನತ್ತ ಕೋಲು ತೋರಿಸಿದ.

"ಇದೇನು?"

"ಪೂಜೆಯ ಕುಂಕುಮ ಸರ್."

"ಯಾವ ಪೂಜೆ? ದುರ್ಗಾಪೂಜೆಯಾಗಿ ಚಳಿಗಾಲವೇ ಮುಗಿಯಿತು." ಅವನು ನಿಯಮ ಹೇಳಿದ, ಪಾಠ ಒಪ್ಪಿಸಿದ ಹಾಗೆ. ಪ್ಲೇಟಿನ ಮೇಲೆ ಸರ್ಕಾರ ಕೊಟ್ಟ ಅಕ್ಷರ, ಅಂಕಿ ಬಿಟ್ಟು ಇನ್ನೇನೂ ಇರಬಾರದು. ದೇವರ ಹೆಸರಿಲ್ಲ, ಪಕ್ಷದ ಹೆಸರಿಲ್ಲ, ಹೂವಿಲ್ಲ, ಬಣ್ಣವಿಲ್ಲ. ಹಿಂದೆ ಮುಂದೆ ಎರಡೂ ಕಡೆ ದೂರದಿಂದಲೇ ಓದಲು ಬರಬೇಕು. "ನಾಳೆ ನಿಮ್ಮ ಗಾಡಿ ಯಾರಿಗಾದರೂ ಗುದ್ದಿ ಹೋಯಿತು ಎಂದಿಟ್ಟುಕೊಳ್ಳಿ. ಬಿದ್ದವನು ನನ್ನ ಹತ್ತಿರ ಬಂದು ಏನು ಹೇಳಬೇಕು? ಸಿಂಧೂರ ಇಟ್ಟ ಗಾಡಿ ಎಂದೇ?"

ಮಾತು ನ್ಯಾಯವಾದದ್ದೇ. ನರಹರಿ ಮೂವತ್ತು ವರ್ಷ ಈ ಊರಿನಲ್ಲಿ ಗಾಡಿ ಓಡಿಸಿದವನು, ಕಾನೂನು ಗೊತ್ತಿಲ್ಲದವನಲ್ಲ. ತನ್ನ ಮುಂದಿನ ಲಾರಿಯ ಪ್ಲೇಟು ಕೆಸರಾಗಿದ್ದರೆ ಬೈಯುವವರಲ್ಲಿ ಅವನೇ ಮೊದಲಿಗ. ಆದರೂ ಅಂದು ಅವನ ಬಾಯಿಂದ ಬಂದದ್ದು ಹೆಂಡತಿಯ ಸಾವು. ನಡುರಸ್ತೆಯಲ್ಲಿ, ಬದನೆ, ಬೂದುಗುಂಬಳದ ಮೂಟೆಗಳ ಪಕ್ಕ ನಿಂತು, ಅವಳ ಕೈ ಹಚ್ಚಿದ ಕೊನೆಯ ಕುಂಕುಮ ಇದು ಎಂದು ಹೇಳಿ ಕಣ್ಣು ಒರೆಸಿಕೊಂಡ.

ಸಾರ್ಜೆಂಟ್ ಹೆಲ್ಮೆಟ್ಟು ತೆಗೆದು ತಲೆ ಕೆರೆದುಕೊಂಡ. ಕೊನೆಗೆ, "ಹೋಗಿ ದಾದಾ. ಒಂದು ಮಳೆ ಬಂದರೆ ತಾನಾಗಿ ಹೋಗುತ್ತದೆ. ನಾನ್ಯಾಕೆ ಪಾಪ ಕಟ್ಟಿಕೊಳ್ಳಲಿ" ಎಂದ.

ಆ ಮಾತು ನರಹರಿಯ ಎದೆಯಲ್ಲಿ ಕೂತಿತು. ಒಂದು ಮಳೆ ಬಂದರೆ ಹೋಗುತ್ತದೆ. ಅವನು ಕೂಡಲೇ ವ್ಯಾನಿಗೆ ತಗಡಿನ ಮಾಡು ಹಾಕಿಸುವ ಯೋಚನೆ ಮಾಡಿದ. ಗಲ್ಲಿಯಲ್ಲಿ ಜಾಗವಿಲ್ಲ ಎಂದು ಕೇರಿಯ ಹಿರಿಯರು ಒಪ್ಪಲಿಲ್ಲ. ಪ್ಲಾಸ್ಟಿಕ್ ಹಾಳೆ ಕಟ್ಟಿದ, ಗಾಳಿಗೆ ಹಾರಿಹೋಯಿತು.

ಚೈತ್ರ ಮುಗಿಯುವ ಮೊದಲೇ ವರ್ಷದ ಮೊದಲ ಕಾಲ್‌ಬೈಶಾಖಿ ಬಂತು. ಸಂಜೆಯ ಹೊತ್ತು ದಿಢೀರನೆ ಎದ್ದು, ತಗಡು ಹಾರಿಸಿ, ಮಾವಿನಮಿಡಿ ಉದುರಿಸಿ ಹೋಗುವ ಬಂಗಾಳದ ಗಾಳಿಮಳೆ ಅದು. ನರಹರಿ ಅಂದು ಜ್ವರದಲ್ಲಿ ಮಲಗಿದ್ದ. ಏಳಲು ಹೋದವನನ್ನು ರಾಜಕ್ಕ ಹೆಗಲು ಒತ್ತಿ ಮಲಗಿಸಿದಳು. ಕಿಟಕಿಯ ಮೇಲೆ ಮಳೆ ಬಡಿಯುವುದನ್ನು ಕೇಳುತ್ತ, ಎರಡನೇ ಸಲ ಹೆಂಡತಿಯನ್ನು ಕಳಿಸಿಕೊಡುತ್ತಿರುವವನ ಹಾಗೆ ಅವನು ಬಿದ್ದುಕೊಂಡಿದ್ದ.

ಬೆಳಿಗ್ಗೆ ಗೋಡೆ ಹಿಡಿದುಕೊಂಡು ಹೊರಗೆ ಹೋಗಿ ನೋಡಿದ. ಕುಂಕುಮ ಇತ್ತು. ಇದ್ದದ್ದಷ್ಟೇ ಅಲ್ಲ, ಮೊದಲಿಗಿಂತ ಕೆಂಪಾಗಿತ್ತು.

"ನೋಡಿದೆಯಾ ಅಕ್ಕ? ಧೂಳೆಲ್ಲ ತೊಳೆದುಹೋಗಿ ಹೊಳಪು ಬಂದದ್ದು. ಹರಳೆಣ್ಣೆ ಅಂದ್ರೆ ಹರಳೆಣ್ಣೆ!"

"ಹೌದು ಮಾರಾಯ. ನೀನು ಒಳಗೆ ಬಾ, ಕಷಾಯ ತಣಿತದೆ" ಎಂದಳು ರಾಜಕ್ಕ.

ಆಮೇಲೆ ಆಷಾಢ ಬಂತು, ಶ್ರಾವಣ ಬಂತು. ಮೊಣಕಾಲು ಮಟ್ಟ ನೀರಿನಲ್ಲಿ ವ್ಯಾನು ಈಜಿದ್ದಾಯಿತು. ಕುಂಕುಮ ಅಲುಗಲಿಲ್ಲ. ನರಹರಿ ಅದನ್ನು ಪವಾಡ ಎಂದು ಬಾಯಿಬಿಟ್ಟು ಹೇಳಲಿಲ್ಲ, ಹರಳೆಣ್ಣೆ ಎಂದೇ ಹೇಳಿದ. ಒಳಗೊಳಗೆ ಮಾತ್ರ, ಅವಳು ಪೂರ್ತಿ ಹೋಗಿಲ್ಲ ಎಂದು ನಂಬಿದ. ಹಾಗೆ ನಂಬಿದ ದಿನಗಳಲ್ಲಿ ಅವನಿಗೆ ಹೊಟ್ಟೆ ತುಂಬ ಊಟ ಹೋಗುತ್ತಿತ್ತು, ನಿದ್ದೆ ಬರುತ್ತಿತ್ತು. ಕಾಣಬೇಕಾದ್ದು ಕಣ್ಣೆದುರೇ ಇದ್ದರೂ ಕಾಣದಿರುವುದರಲ್ಲಿ ಗಂಡಸರು ಯಾವಾಗಲೂ ಗಟ್ಟಿಗರು, ಅದರಲ್ಲೂ ನರಹರಿ ಬಲು ಗಟ್ಟಿಗ. ಊರಿನಿಂದ ಯಾರೇ ಬರುವವರಿದ್ದರೂ ರಾಜಕ್ಕ ಫೋನು ಮಾಡಿಸಿ "ಒಂದು ಪೊಟ್ಟಣ ಕುಂಕುಮ ತರ್ಲಿಕ್ಕೆ ಹೇಳು, ದೇವರಿಗೆ" ಎನ್ನುತ್ತಿದ್ದಳು. ಮೊದಲೆಲ್ಲ ಒಂದು ಪೊಟ್ಟಣ ವರ್ಷಪೂರ್ತಿ ಬರುತ್ತಿದ್ದ ಮನೆ ಅದು. ಅವಳ ಬಲಗೈಯ ಉಂಗುರ ಬೆರಳಿನ ಬಿರುಕುಗಳಲ್ಲಿ ಯಾವಾಗಲೂ ಒಂದು ಕೆಂಪು ಕಾಣುತ್ತಿತ್ತು. ಬೀಟ್ರೂಟ್ ಹೆಚ್ಚಿದ್ದಿರಬೇಕು ಎಂದುಕೊಂಡು ನರಹರಿ ಬಡಿಸಿದ್ದನ್ನು ಉಂಡು ಏಳುತ್ತಿದ್ದ.

ಮಾನ್ಯ ಮಾತ್ರ ಬಿಡಲಿಲ್ಲ. ಕಾಲೇಜಿಗೆ ಹೋಗುವ ಹುಡುಗಿ. ಹುಟ್ಟಿ ಬೆಳೆದದ್ದು ಡಮ್ ಡಮ್‌ನಲ್ಲಿ. ಅವಳ ಕನ್ನಡಕ್ಕೆ ಒಂದು ಕಾಲು ಹಿಂದಿಯಲ್ಲಿ, ಇನ್ನೊಂದು ಇಂಗ್ಲಿಷಿನಲ್ಲಿ.

"ಅಪ್ಪಾ, ಅದು ಇಲ್ಲೀಗಲ್. ಸಚ್ಚಿ. ಒಂದಿನ ಗಾಡಿ ಸೀಝ್ ಮಾಡ್ತಾರೆ. ಆಮೇಲೆ ಊಟ ಹೇಗೆ ಕಳಿಸೋದು? ಒರೆಸಿಬಿಡಿ ಪ್ಲೀಸ್."

"ನಿನ್ನಮ್ಮ ಹಚ್ಚಿದ್ದನ್ನು ಒರೆಸು ಅಂತೀಯಲ್ಲ, ಬಾಯಿ ಹೇಗೆ ಬಂತು ನಿಂಗೆ?"

ಮಾನ್ಯ ಅತ್ತೆಯ ಮುಖ ನೋಡಿದಳು. ರಾಜಕ್ಕ ಅಲಸಂಡೆಯ ಬುಟ್ಟಿ ಹತ್ತಿರ ಎಳೆದುಕೊಂಡು ತಲೆ ತಗ್ಗಿಸಿದಳು. ಮಾನ್ಯ ಚಪ್ಪಲಿ ಮೆಟ್ಟಿಕೊಂಡು ಕಾಲೇಜಿಗೆ ಹೋದಳು.

ಭಾದ್ರಪದದಲ್ಲಿ, ವಿಶ್ವಕರ್ಮ ಪೂಜೆಗೆ ಇನ್ನು ಕೆಲವೇ ದಿನ ಇರುವಾಗ, ಒಂದು ಶುಕ್ರವಾರ ಬೆಳಿಗ್ಗೆ ಶ್ಯಾಮ್‌ಬಜಾರಿನಲ್ಲಿ ಅದೇ ಸಾರ್ಜೆಂಟ್ ಮತ್ತೆ ಕೈ ಅಡ್ಡ ಹಿಡಿದ. ಈ ಸಲ ಒಬ್ಬನೇ ಇರಲಿಲ್ಲ. ಪೂಜೆಯ ನೂಕುನುಗ್ಗಲಿಗೆ ಮುಂಚೆ ಗಾಡಿಗಳ ಪ್ಲೇಟು ತಪಾಸಣೆ ನಡೆದಿತ್ತು. ಬದಿಯಲ್ಲಿ ಸಾಲಾಗಿ ನಿಲ್ಲಿಸಿದ್ದ ಬೈಕುಗಳ ಪ್ಲೇಟುಗಳಿಂದ ಕಾನ್‌ಸ್ಟೇಬಲ್ ಒಬ್ಬ ಸ್ಟಿಕ್ಕರ್ ಕೀಳುತ್ತಿದ್ದ.

"ದಾದಾ, ನೀವೇ ಅಲ್ಲವೇ? ಇದು ಇನ್ನೂ ಇದೆಯೇ?"

"ಹರಳೆಣ್ಣೆಯಲ್ಲಿ..." ಎಂದು ನರಹರಿ ಶುರುಮಾಡಿದ.

"ಹರಳೆಣ್ಣೆಯೋ ಇನ್ನೊಂದೋ. ಇವತ್ತು ಬಿಡಲು ನನ್ನಿಂದಾಗುವುದಿಲ್ಲ. ಮೇಲಿನವರು ನಿಂತಿದ್ದಾರೆ. ಇಲ್ಲೇ ಒರೆಸಿ, ಇಲ್ಲವೇ ಗಾಡಿ ಇಲ್ಲೇ ಬಿಟ್ಟು ಹೋಗಿ." ಸಾರ್ಜೆಂಟ್ ಒಂದು ಹಳೆಯ ಬಟ್ಟೆಯ ತುಂಡನ್ನು ಮುಂದೆ ಹಿಡಿದ.

ನರಹರಿ ಬಟ್ಟೆ ತೆಗೆದುಕೊಂಡ. ವ್ಯಾನಿನ ಮುಂದೆ ಕುಕ್ಕರಗಾಲಲ್ಲಿ ಕೂತ. ಹಿಂದೆ ಟ್ರಾಮ್ ಕಂಬಿಯ ಮೇಲೆ ಬಸ್ಸುಗಳು ಕಿರುಚುತ್ತಿದ್ದವು, ವ್ಯಾನಿನಲ್ಲಿ ಕೊತ್ತಂಬರಿ ಬಾಡುತ್ತಿತ್ತು, ಮಧ್ಯಾಹ್ನದ ಊಟಕ್ಕೆ ಕಾಯುವ ಜನ ಇದ್ದರು. ಎಲ್ಲ ಗೊತ್ತು. ಕೈ ಮಾತ್ರ ಮುಂದೆ ಹೋಗಲಿಲ್ಲ. ಅವನು ಬಟ್ಟೆಯನ್ನು ವಾಪಸು ಕೊಟ್ಟು, "ನನ್ನಿಂದ ಆಗುವುದಿಲ್ಲ. ನೀವೇ ಒರೆಸಿ. ನಾನು ಆ ಕಡೆ ತಿರುಗಿರುತ್ತೇನೆ" ಎಂದು ಎದ್ದು ಮುಖ ತಿರುಗಿಸಿ ನಿಂತ. ಎದುರಿನ ಮಿಠಾಯಿ ಅಂಗಡಿಯ ಗಾಜಿನಲ್ಲಿ ಸಂದೇಶ್ ಎಂಬ ಸಿಹಿಯ ತಟ್ಟೆಗಳು ಕಂಡವು. ಅವನ ಕಣ್ಣು ಮಂಜಾಯಿತು.

ಆಮೇಲೆ ಸಾರ್ಜೆಂಟ್ ಮೆಲ್ಲಗೆ ಕರೆದ. "ದಾದಾ. ಇಲ್ಲಿ ನೋಡಿ."

ಅವನು ಒರೆಸಿರಲಿಲ್ಲ. ಬೆರಳ ತುದಿಯಿಂದ ಅಂಚನ್ನು ಮುಟ್ಟಿದ್ದ ಅಷ್ಟೆ. ಬೆರಳು ಕೆಂಪಾಗಿತ್ತು, ಎಣ್ಣೆಯಿಂದ ಮಿರುಗುತ್ತಿತ್ತು.

"ನಿಮ್ಮ ಹೆಂಡತಿ ತೀರಿಕೊಂಡದ್ದು ಯಾವಾಗ ಎಂದಿರಿ?"

"ಸರಸ್ವತಿ ಪೂಜೆ ಕಳೆದ ಮೇಲೆ."

"ನಿನ್ನೆ ಸಂಜೆ ಮಳೆ ಬಂದಿದೆ. ಗಾಡಿಯ ಮೂತಿಯೆಲ್ಲ ಕೆಸರು. ಇದರ ಮೇಲೆ ಮಾತ್ರ ಒಂದು ಹನಿಯೂ ಇಲ್ಲ." ಸಾರ್ಜೆಂಟ್ ಎದ್ದು ನಿಂತ. ನಿಯಮ ಹೇಳುವಾಗಿನ ಗಡಸು ಅವನ ದನಿಯಲ್ಲಿ ಈಗ ಇರಲಿಲ್ಲ. "ನನ್ನ ತಾಯಿ ದಿನಾ ಸಿಂಧೂರ ಇಡುತ್ತಾರೆ, ನನಗೆ ಗೊತ್ತಾಗುತ್ತದೆ. ಇದು ಇವತ್ತು ಬೆಳಿಗ್ಗೆ ಹಚ್ಚಿದ್ದು."

ನರಹರಿ "ಇಲ್ಲ" ಎಂದ. ಇನ್ನೊಮ್ಮೆ ಬಗ್ಗಿ ನೋಡಿದ. ತಿಂಗಳುಗಟ್ಟಲೆ ಕೈಮುಗಿದು ನಿಂತರೂ ಕಾಣದಿದ್ದದ್ದು ಈಗ ಕಂಡಿತು. ಬೊಟ್ಟಿನ ಕೆಳಗೆ, ಪ್ಲೇಟಿನ ಅಂಚಿನಲ್ಲಿ, ಮಳೆಗೆ ಇಳಿದು ಒಣಗಿದ ಹಳೆಯ ಕೆಂಪು ಗೆರೆಗಳು. ಒಂದಲ್ಲ, ಒಂದರ ಮೇಲೊಂದು. ವನಮಾಲಾ ಬೊಟ್ಟನ್ನು ಗುಂಡಗೆ ಇಟ್ಟಿದ್ದಳು; ಇದು ಸ್ವಲ್ಪ ಉದ್ದಕ್ಕಿತ್ತು, ಇಟ್ಟ ಕೈ ನಡುಗಿದ ಹಾಗೆ.

"ಮನೆಗೆ ಹೋಗಿ" ಎಂದ ಸಾರ್ಜೆಂಟ್, ಮೇಲಿನವರು ನಿಂತ ಕಡೆ ಒಮ್ಮೆ ನೋಡಿ. "ಯಾರು ಹಚ್ಚಿದ್ದು ಎಂದು ತಿಳಿದುಕೊಳ್ಳಿ. ಆಮೇಲೆ ನೀವೇ ಒರೆಸಿ. ನಾಳೆ ಈ ಗಾಡಿ ಹೀಗೇ ಕಂಡರೆ ನಾನು ನಿಮ್ಮ ಪರಿಚಯದವನಲ್ಲ."

ಬೆಲ್ಗಾಛಿಯ ಸೇತುವೆ ದಾಟುವವರೆಗೂ ನರಹರಿಗೆ ಬಂದದ್ದು ಸಿಟ್ಟು. ಅದೂ ಅಂತಿಂಥ ಸಿಟ್ಟಲ್ಲ. ಯಾರೋ ತನ್ನನ್ನು ಮಂಗ ಮಾಡಿದ್ದಾರೆ. ಹೆಂಡತಿ ಎಂದು ಯಾರದೋ ಬೆರಳಿಗೆ ಕೈಮುಗಿಸಿದ್ದಾರೆ. ನಿತಾಯಿಯ ಎದುರು, ಈ ಸಾರ್ಜೆಂಟನ ಎದುರು, ತಾನು ಹರಳೆಣ್ಣೆ ಹರಳೆಣ್ಣೆ ಎಂದು ಹೇಳಿಕೊಂಡು ತಿರುಗಿದ್ದು ನೆನೆದು ಕಿವಿ ಬಿಸಿಯಾಯಿತು. ಮಾನ್ಯಳೇ ಇರಬೇಕು. ಒರೆಸು ಒರೆಸು ಎನ್ನುತ್ತ ಹಿಂದಿನಿಂದ ಇದು!

ಮಾನ್ಯ ಬಾಗಿಲಲ್ಲೇ ಸಿಕ್ಕಿದಳು, ಕಾಲೇಜಿಗೆ ಹೊರಟಿದ್ದಳು. "ಕೈ ತೋರಿಸು" ಎಂದ. ಅವಳು ಎರಡೂ ಕೈ ಚಾಚಿದಳು. ಉಗುರಿಗೆ ನೀಲಿ ಬಣ್ಣ ಇತ್ತು, ಬೇರೇನೂ ಇರಲಿಲ್ಲ. ಅಪ್ಪನ ಮುಖ ನೋಡಿ ಅವಳಿಗೆ ಅರ್ಥವಾಯಿತು.

"ನಾನಲ್ಲ ಅಪ್ಪ. ನಂಗೆ ಎಕ್ಸಾಮ್ ಟೈಮಲ್ಲಿ ಗೊತ್ತಾಯ್ತು, ಬೆಳಿಗ್ಗೆ ಬೇಗ ಎದ್ದಾಗ. ಹೇಳ್ತೀನಿ ಅಂದ್ರೆ ಬೇಡ ಅಂದ್ರು. ಪ್ರಾಮಿಸ್ ತಗೊಂಡ್ರು." ಅವಳು ಅಡುಗೆಮನೆಯ ಕಡೆ ನೋಡಿದಳು. "ಬೈಬೇಡಿ ಅಪ್ಪ. ಪ್ಲೀಸ್."

ಅಡುಗೆಮನೆಯಲ್ಲಿ ರಾಜಕ್ಕ ಈಳಿಗೆಮಣೆಯ ಮೇಲೆ ಕೂತು ಸೌತೆಕಾಯಿ ಹೆಚ್ಚುತ್ತಿದ್ದಳು. ಅಂದು ಬೀಟ್ರೂಟ್ ಇರಲಿಲ್ಲ. ನಿನ್ನೆಯೂ ಇರಲಿಲ್ಲ. ನರಹರಿ ಅವಳ ಬಲಗೈಯ ಉಂಗುರ ಬೆರಳನ್ನು ನೋಡಿದ. ಸೋಪಿಗೆ ಹೋಗದ ಕೆಂಪು ಬಿರುಕಿನೊಳಗೆ ಕೂತಿತ್ತು.

"ಅಕ್ಕ" ಎಂದ. ಸಿಟ್ಟು ಎಲ್ಲಿ ಹೋಯಿತೋ.

ಅವಳು ಕೈಯನ್ನು ಸೆರಗಿನಲ್ಲಿ ಮುಚ್ಚಲು ಹೋಗಿ, ಬಿಟ್ಟಳು. "ಗೊತ್ತಾಯ್ತಾ? ಸಮ ಆಯ್ತು. ನಂಗೂ ಸಾಕಾಗಿತ್ತು ಮಾರಾಯ."

"ಯಾವತ್ತಿನಿಂದ?"

"ಆ ಗಾಳಿಮಳೆ ಬಂತಲ್ಲ, ನೀನು ಜ್ವರದಲ್ಲಿ ಇದ್ದದ್ದು. ಒಣ ಹಾಕಿದ ಬಟ್ಟೆ ತೆಗಿಲಿಕ್ಕೆ ಹೊರಗೆ ಹೋದೆ. ಅವಳದ್ದು ನೀರಲ್ಲಿ ಹರಿದು ಗಲ್ಲಿಗೆ ಹೋಗ್ತಾ ಉಂಟು. ನನ್ನ ಎದುರೇ ಹೋಯ್ತು ಅದು." ರಾಜಕ್ಕ ಸೌತೆಕಾಯಿಯ ಹೋಳನ್ನು ಬುಟ್ಟಿಗೆ ಹಾಕಿದಳು. "ನೀನು ಬೆಳಿಗ್ಗೆ ಎದ್ದು ಮೊದಲು ಅದನ್ನೇ ನೋಡ್ಲಿಕ್ಕೆ ಹೋಗುದು ನಂಗೆ ಗೊತ್ತಿಲ್ವಾ? ಎರಡು ತಿಂಗಳಿಂದ ಒಂದು ತುತ್ತು ಸರಿಯಾಗಿ ತಿಂದವನಲ್ಲ ನೀನು. ಎಂತ ಮಾಡುದು? ಕರಡಿಗೆ ತೆಗೆದೆ."

"ನೀನಾ? ಕರಡಿಗೆಯನ್ನಾ?"

"ಮತ್ತೆ ಯಾರು, ನಿನ್ನ ಅಜ್ಜಿಯಾ? ಮಾನ್ಯ ಮಲಗಿದ್ಲು." ಅವಳು ಬೈದ ಹಾಗೆ ಹೇಳಿದಳು. "ಕೈ ನಡುಗಿತು. ಅವರು ಹೋದ ಮೇಲೆ ಮುಟ್ಟಿರ್ಲಿಲ್ಲ ನೋಡು. ಇದ್ರಿಂದ ದೋಷ ಬರುದಿದ್ರೆ ನಂಗೆ ಬರ್ಲಿ, ಗಾಡಿಗೆ ಬರುದು ಬೇಡ, ನರಹರಿಗೆ ಬರುದು ಬೇಡ ಅಂತ ದೇವರಿಗೆ ಹೇಳಿ ಹಚ್ಚಿದೆ. ಪ್ರತಿ ಶುಕ್ರವಾರ, ನೀನು ಸ್ನಾನಕ್ಕೆ ಹೋದಾಗ. ನಡುವೆ ಜೋರು ಮಳೆ ಬಂದ್ರೆ ಮರುದಿನವೂ."

ನರಹರಿ ಅವಳ ಎದುರು ನೆಲದ ಮೇಲೆ ಕೂತುಬಿಟ್ಟ.

"ಅವಳು ಬದುಕಿದ್ದಾಗ ನನ್ನ ಹಣೆಗೆ ಹಚ್ಲಿಕ್ಕೆ ಬಂದಿದ್ಲು" ಎಂದಳು ರಾಜಕ್ಕ. "ನಾನು ಕೈ ತಳ್ಳಿದೆ. ಈಗ ಅವಳ ಲೆಕ್ಕದಲ್ಲಿ ನನ್ನ ಕೈಯಿಂದಲೇ ಮುಟ್ಟಿಸಿದ್ಲು. ಹಟಮಾರಿ ಹೆಂಗಸು."

ನರಹರಿ ಅತ್ತ. ಹೆಂಡತಿ ಹೋದಾಗ ಅತ್ತದ್ದಕ್ಕಿಂತ ಹೆಚ್ಚು ಅತ್ತ. ಪ್ಲೇಟಿನ ಮೇಲೆ ಉಳಿದಿದ್ದ ವನಮಾಲಾ ಚೈತ್ರದ ಆ ಸಂಜೆಯೇ ಹೋಗಿದ್ದಳು, ಅದಕ್ಕಾಗಿ ಅವನು ಈಗ ಅಳಬೇಕಾಗಿತ್ತು. ಅದರ ಜೊತೆಗೆ ಇನ್ನೊಂದೂ ಇತ್ತು. ಬಾಳಿಡೀ ತನ್ನ ಪಕ್ಕದಲ್ಲೇ ಇದ್ದು, ಬಡಿಸಿ, ತೊಳೆದು, ಬಾಗಿಲ ಮರೆಯಲ್ಲಿ ನಿಂತ ಈ ಹೆಂಗಸಿಗೆ ತಾನು ಒಂದು ದಿನವೂ ಕೈಮುಗಿದಿರಲಿಲ್ಲ. ಪ್ಲೇಟಿಗೆ ಮುಗಿದಿದ್ದ. ರಾಜಕ್ಕ ಅವನನ್ನು ಅಳಲು ಬಿಟ್ಟು ಸೌತೆಕಾಯಿ ಮುಗಿಸಿದಳು, ಏಕೆಂದರೆ ಹುಳಿ ಇನ್ನೂ ಆಗಬೇಕಿತ್ತು.

ಹನ್ನೊಂದರ ಹೊತ್ತಿಗೆ ಅಡುಗೆ ಪಾತ್ರೆಗಳು ವ್ಯಾನಿಗೇರಿದವು. ನರಹರಿ ಒಂದು ಚೊಂಬು ಬಿಸಿನೀರು, ಸೀಗೆಪುಡಿ, ಹಳೆಯ ಪಂಚೆಯ ತುಂಡು ತಂದು ಮುಂದೆ ಕೂತ. ಒಮ್ಮೆ ಕೈಮುಗಿದ. ಆಮೇಲೆ ಉಜ್ಜಿದ. ಎಣ್ಣೆ ಸೀಗೆಗೆ ಬಿಟ್ಟುಕೊಟ್ಟಿತು, ಕೆಂಪು ನೀರು ಗಲ್ಲಿಯ ಚರಂಡಿಗೆ ಇಳಿಯಿತು. ಅಡಿಯಿಂದ ಏಳು, ಒಂದು ಎಂಬ ಎರಡು ಕಪ್ಪು ಅಂಕಿಗಳು ಹೊರಬಂದವು. ಒಂದು ವರ್ಷದಲ್ಲಿ ಅವನಿಗೆ ತನ್ನ ಗಾಡಿಯ ನಂಬರೇ ಮರೆತುಹೋಗಿತ್ತು. ಯಾರಾದರೂ ಕೇಳಿದರೆ ಆರ್.ಸಿ. ತೆಗೆದು ನೋಡಿ ಹೇಳುತ್ತಿದ್ದ.

ರಾಜಕ್ಕ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು. "ಇನ್ನು ಎಂತ ನೋಡಿ ಕೈ ಮುಗಿತಿ ನೀನು?" ಎಂದಳು.

"ಹತ್ತು" ಎಂದ ನರಹರಿ.

"ಎಲ್ಲಿಗೆ?"

"ಊಟ ಕೊಡ್ಲಿಕ್ಕೆ. ನನ್ನೊಟ್ಟಿಗೆ."

"ನಂಗೆ ಎಂತ ಕೆಲಸ ಅಲ್ಲಿ? ಸೀರೆ ಎಲ್ಲ ಹುಳಿ ಆಗಿದೆ."

"ಹುಳಿ ಆದ್ರೆ ಆಯ್ತು. ಹತ್ತು ಅಕ್ಕ."

ಅವಳು ಗೊಣಗುತ್ತ, ಸೀಟಿನ ಮೇಲೆ ಪೇಪರ್ ಹಾಸಿಸಿಕೊಂಡು, ಕಂಬಿಯನ್ನು ಎರಡೂ ಕೈಯಲ್ಲಿ ಹಿಡಿದು ಕೂತಳು. ಏಕಾದಶಿಗೆ ದೇವಸ್ಥಾನಕ್ಕೆ ಬಿಟ್ಟರೆ ಅವಳು ಆ ವ್ಯಾನಿನಲ್ಲಿ ಹೊರಗೆ ಹೋದವಳಲ್ಲ. ತಾನು ಅಡುಗೆ ಮಾಡಿದ ಊಟ ಯಾರ ಮನೆಗೆ ಹೋಗುತ್ತದೆ ಎಂದು ಅವಳು ಕಂಡಿರಲಿಲ್ಲ.

ಜೆಸ್ಸೋರ್ ರೋಡು ದಾಟಿ ಗೇಟು ಬಂತು. ನರಹರಿ ಎಂದಿನಂತೆ ಗೇರು ಇಳಿಸಿದ, ಬ್ರೇಕಿನ ಮೇಲೆ ಕಾಲಿಟ್ಟ. ಗಾಡಿ ಪೂರ್ತಿ ನಿಲ್ಲುವ ಮೊದಲೇ ಅಡ್ಡಕೋಲು ಸರಕ್ಕನೆ ಮೇಲೆದ್ದಿತು. ನಿತಾಯಿ ತನ್ನ ಗೂಡಿನಲ್ಲಿ ಚಹಾ ಕುಡಿಯುತ್ತ ಕೂತಿದ್ದ, ತಲೆ ಎತ್ತಲೂ ಇಲ್ಲ. ಅವನು ಹೊರಗೆ ಬರುವ ಅಗತ್ಯ ಇನ್ನು ಇರಲಿಲ್ಲ. ವನಮಾಲಾಳ ಉಪ್ಪಿನ ಬಗ್ಗೆ, ಗಂಜಿಯ ಬಗ್ಗೆ ನರಹರಿಯನ್ನು ಇನ್ನು ಯಾರೂ ಕೇಳುವುದಿಲ್ಲ. ಕಾನೂನಿಗೆ ಬೇಕಾದ್ದು ಇಷ್ಟೇ, ಮತ್ತು ಅದು ಸರಿಯಾಗಿಯೇ ಇತ್ತು.

ಆದರೂ ಎತ್ತಿದ ಕೋಲಿನ ಕೆಳಗೇ ವ್ಯಾನು ನಿಲ್ಲಿಸಿ ಅವನು ಹಾರ್ನ್ ಹೊಡೆದ. ನಿತಾಯಿ ಗಾಬರಿಯಿಂದ ಎದ್ದು ಬಂದ.

"ಏನಾಯಿತು ದಾದಾ? ತೆರೆದಿದೆಯಲ್ಲ?" ಎಂದವನು ಬಗ್ಗಿ ಪ್ಲೇಟು ನೋಡಿದ. ಅವನ ಮುಖ ಇಳಿಯಿತು. "ಅಯ್ಯೋ, ಬೌದಿಯ ಸಿಂಧೂರ..."

"ಅದು ಬೌದಿಯದಲ್ಲ ನಿತಾಯಿ" ಎಂದ ನರಹರಿ. "ಇವರು ನನ್ನ ಅಕ್ಕ. ರಾಜಲಕ್ಷ್ಮಿ ಅಂತ. ಅದನ್ನು ಹಚ್ಚುತ್ತಿದ್ದದ್ದು ಇವರು."

ರಾಜಕ್ಕನಿಗೆ ಬಂಗಾಳಿ ಅಷ್ಟಾಗಿ ಬಾರದು. ತನ್ನ ಹೆಸರು ಕೇಳಿ, ತಮ್ಮ ಕೈ ತೋರಿಸುತ್ತಿರುವುದು ನೋಡಿ, ಅವಳು ಕೆಂಪು ಬೆರಳನ್ನು ಸೆರಗಿನೊಳಗೆ ಎಳೆದುಕೊಳ್ಳಲು ಹೋದಳು. ಅಷ್ಟರಲ್ಲಿ ನಿತಾಯಿ ಕಿಟಕಿಯ ಹತ್ತಿರ ಬಂದು ಕೈಮುಗಿದಿದ್ದ. ತಿರುಗಿ ಕೈಮುಗಿಯಬೇಕಾದ್ದರಿಂದ ಅವಳು ಎರಡೂ ಕೈಯನ್ನು ಹೊರಗೆ ತೆಗೆದಳು.